ಪೋಕರ್ ಪಾಠದ ವಿಡಿಯೊಗಳು: ನೋಡುವಾಗ ತಿಳಿದದ್ದು ಆಡುವಾಗ ಏಕೆ ಕೈಗೆ ಬರುವುದಿಲ್ಲ?

ಪೊನ್ನಂಪೇಟೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಕಕ್ಕಡದ ಮಳೆ ಹಿಡಿದ ಮೇಲೆ, ನಾಟಿ ಮುಗಿದು ತೋಟಕ್ಕೂ ಇಳಿಯಲಾಗದ ಸಂಜೆಗಳಲ್ಲಿ, ನೆಂಟರೂ ನೆರೆಯವರೂ ಸೇರಿ ಆರು ಮಂದಿ ನಮ್ಮ ಮನೆಯ ಜಗಲಿಯಲ್ಲಿ ಇಸ್ಪೀಟಿಗೆ ಕೂರುವುದು ತಂದೆಯವರ ಕಾಲದಿಂದ ನಡೆದುಬಂದ ರೂಢಿ. ಆಗ ರಮ್ಮಿ ಆಡುತ್ತಿದ್ದರು. ಎರಡು ವರ್ಷಗಳಿಂದ ನಾವು ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತಿದ್ದೇವೆ. ಒಬ್ಬೊಬ್ಬರ ಕೈಗೆ ಎರಡು ಎಲೆ, ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ, ಅಂದರೆ ಹಲಗೆಯ ಮೇಲೆ, ಐದು ಎಲೆ ಬರುವ ಆಟ ಅದು. ಹಣ ಕಟ್ಟುವುದಿಲ್ಲ. ಒಣಗಿದ ಕಾಫಿ ಬೀಜಕ್ಕೆ ಒಂದು, ಹುಣಸೆ ಬೀಜಕ್ಕೆ ಹತ್ತು ಎಂಬ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 200ರಷ್ಟು ಬೀಜ ಹಂಚಿ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಪಣ) 1 ಮತ್ತು 2 ಎಂದು ಇಟ್ಟುಕೊಂಡಿದ್ದೇವೆ.

ಈ ಆಟವನ್ನು ಸರಿಯಾಗಿ ಕಲಿಯಬೇಕೆಂಬ ಆಸೆಯಿಂದ ನಾನು ಪಾಠದ ವಿಡಿಯೊಗಳನ್ನು ನೋಡತೊಡಗಿದೆ. ಇದುವರೆಗೆ ಕಡಿಮೆಯೆಂದರೂ 80 ಗಂಟೆ ನೋಡಿರಬೇಕು. ನೋಡುವಾಗ ಎಲ್ಲವೂ ಅರ್ಥವಾಗುತ್ತದೆ. ಪಾಠ ಹೇಳುವವರು ಬೆಟ್ ಮಾಡಿದಾಗ (ಪಣ ಹಾಕಿದಾಗ) ಅದೇ ಸರಿ ಎಂದು ನನಗೂ ತೋರುತ್ತದೆ. ಆದರೆ ಆಟಕ್ಕೆ ಕುಳಿತಾಗ ಅದರಲ್ಲಿ ಒಂದೂ ನೆನಪಿಗೆ ಬರುವುದಿಲ್ಲ, ಬಂದರೂ ಅರ್ಧಂಬರ್ಧ ಬರುತ್ತದೆ.

ಕಳೆದ ವಾರದ ಒಂದು ಕೈ ಹೇಳುತ್ತೇನೆ. ನಾನು ಬಟನ್ ಮೇಲಿದ್ದೆ (ಹಲಗೆಗೆ ಎಲೆ ಬಿದ್ದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗ), ಕೈಯಲ್ಲಿ ಆಟೀನಿನ ಎಕ್ಕ ಮತ್ತು ಐದು. 6ಕ್ಕೆ ರೈಸ್ ಮಾಡಿದೆ (ಪಣ ಏರಿಸಿದೆ), ದೊಡ್ಡ ಬ್ಲೈಂಡಿನಲ್ಲಿದ್ದ ಭಾವ ಕಾಲ್ ಮಾಡಿದರು (ಅಷ್ಟೇ ಹಾಕಿದರು), ಪಾಟ್ (ಮಧ್ಯದಲ್ಲಿ ಸೇರಿದ ಒಟ್ಟು ಪಣ) 13 ಆಯಿತು. ಫ್ಲಾಪಿನಲ್ಲಿ (ಹಲಗೆಯ ಮೊದಲ ಮೂರು ಎಲೆಗಳು) ಆಟೀನಿನ ರಾಜ, ಆಟೀನಿನ ಎಂಟು, ಕಳಾವರ್ ಮೂರು ಬಂದವು. ನಾನು 7 ಹಾಕಿದೆ, ಭಾವ ಎಲೆ ಬಿಡದೆ ಕಾಲ್ ಮಾಡಿದರು. ಟರ್ನಿನಲ್ಲಿ (ನಾಲ್ಕನೆಯ ಎಲೆ) ಡೈಮಂಡ್ ಎರಡು ಬಂತು. 18 ಹಾಕಿದೆ, ಆಗಲೂ ಬಿಡಲಿಲ್ಲ. ರಿವರಿನಲ್ಲಿ (ಐದನೆಯ, ಕೊನೆಯ ಎಲೆ) ಇಸ್ಪೀಟಿನ ರಾಣಿ ಬಿದ್ದಾಗ ನನ್ನ ಕೈಯಲ್ಲಿ ಏನೂ ಆಗಿರಲಿಲ್ಲ. ಇಂತಹ ಕಡೆ ದೊಡ್ಡದಾಗಿ ಬ್ಲಫ್ ಮಾಡಬೇಕೆಂದು (ಕೈಯಲ್ಲಿ ಏನೂ ಇಲ್ಲದೆಯೂ ಎದುರಾಳಿ ಎಲೆ ಬಿಡಲೆಂದು ಪಣ ಹಾಕಬೇಕೆಂದು) ಎರಡು ದಿನ ಮೊದಲು ನೋಡಿದ್ದ ವಿಡಿಯೊದಲ್ಲಿ ಹೇಳಿದ್ದರು. 63ರ ಪಾಟಿಗೆ 60 ಹಾಕಿದೆ. ಭಾವ ಒಂಬತ್ತು ಮತ್ತು ಎಂಟು ಇಟ್ಟುಕೊಂಡು, ಅಂದರೆ ಬರೀ ಎಂಟರ ಜೋಡಿಯಿಂದ, ಕಾಲ್ ಮಾಡಿ ಗೆದ್ದರು. ಒಂದೇ ವಾರದಲ್ಲಿ ಹೀಗಾದದ್ದು ಇದು ಮೂರನೆಯ ಸಲ.

ವಿಡಿಯೊ ತಪ್ಪು ಹೇಳುತ್ತಿದೆಯೇ, ನಾನು ಕಲಿಯುವ ಕ್ರಮ ತಪ್ಪೇ? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಮಡಿಕೇರಿಯ ನಿವೃತ್ತ ಗಣಿತ ಶಿಕ್ಷಕಿ

ತಮ್ಮಾ, ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ. ಆಟದ ಸೂಕ್ಷ್ಮಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹತ್ತನೆಯ ತರಗತಿಗೆ ಲೆಕ್ಕ ಹೇಳಿಕೊಟ್ಟಿದ್ದೇನೆ. ನಾನು ಹಲಗೆಯ ಮೇಲೆ ಲೆಕ್ಕ ಬಿಡಿಸುವಾಗ ತಲೆಯಾಡಿಸಿ, ಪುಸ್ತಕದಲ್ಲಿ ಬಿಡಿಸಿದ ಉದಾಹರಣೆಯನ್ನು ಐದಾರು ಸಲ ಓದಿ, ತನಗೆ ಬರುತ್ತದೆಂದು ಪ್ರಾಮಾಣಿಕವಾಗಿ ನಂಬಿದ್ದ ಮಗು ಪರೀಕ್ಷೆಯಲ್ಲಿ ಅದೇ ಲೆಕ್ಕದ ಮುಂದೆ ಸುಮ್ಮನೆ ಕೂರುವುದನ್ನು ಪ್ರತಿ ವರ್ಷವೂ ನೋಡಿದ್ದೇನೆ. ಆ ಮಗು ಸೋಮಾರಿಯಲ್ಲ. ಬೇರೆಯವರು ನಡೆಸಿದ ದಾರಿಯಲ್ಲಿ ಹಿಂದೆ ನಡೆಯುವಾಗ ದಾರಿ ಗೊತ್ತಿದೆ ಎನ್ನಿಸುತ್ತದೆ. ಒಬ್ಬರೇ ನಡೆಯಬೇಕಾದ ದಿನವೇ ತಿರುವು ಎಲ್ಲಿದೆ ಎಂದು ತಿಳಿಯದಿರುವುದು ಗೊತ್ತಾಗುವುದು.

ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸ್ಪಷ್ಟ ಆಧಾರ ಕೊಡುತ್ತದೆ. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು, ಉಳಿದವರು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ನೀವು 80 ಗಂಟೆ ಮಾಡಿದ್ದು ಮೊದಲನೆಯ ಗುಂಪಿನ ಕೆಲಸ.

ಆದ್ದರಿಂದ ವಿಡಿಯೊದಲ್ಲಿ ಆಟಗಾರನು ತೀರ್ಮಾನ ಮಾಡಬೇಕಾದ ಪ್ರತಿ ಘಟ್ಟದಲ್ಲೂ, ಅವನು ಬಾಯಿ ತೆರೆಯುವ ಮೊದಲೇ, ವಿಡಿಯೊ ನಿಲ್ಲಿಸಿ. ಎದುರಾಳಿಯ ಬಳಿ ಯಾವ ಯಾವ ಎಲೆಗಳಿರಬಹುದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಏಕೆ ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ಏಕೆಂದರೆ ಉತ್ತರ ಕೇಳಿದ ಮರುಕ್ಷಣ ಮನಸ್ಸು ತಾನು ಮೊದಲೇ ಅದನ್ನು ಯೋಚಿಸಿದ್ದೆನೆಂದು ಸಾಧಿಸಿಬಿಡುತ್ತದೆ. ಆಮೇಲೆ ವಿಡಿಯೊ ಮುಂದುವರಿಸಿ, ಅವರು ಕೊಟ್ಟ ಕಾರಣವನ್ನು ನಿಮ್ಮ ಕಾರಣದ ಪಕ್ಕದಲ್ಲಿ ಬರೆಯಿರಿ. ತೀರ್ಮಾನ ಒಂದೇ ಆಗಿ ಕಾರಣ ಬೇರೆಯಾಗಿದ್ದರೆ ಅದನ್ನು ತಪ್ಪೆಂದೇ ಎಣಿಸಬೇಕು. ಗಣಿತದಲ್ಲಿ ದಾರಿ ತಪ್ಪಿ ಉತ್ತರ ಸರಿ ಬಂದರೆ ನಾನು ಅಂಕ ಕೊಡುತ್ತಿರಲಿಲ್ಲ. ಮೂರು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು, ವಿಡಿಯೊ ಹಾಕದೆ ಆ ಘಟ್ಟಗಳನ್ನು ಹೊಸದಾಗಿ ಬಿಡಿಸಿ ನೋಡಿ.

ಹೀಗೆ ಮಾಡಿದರೆ 40 ನಿಮಿಷದ ವಿಡಿಯೊಗೆ ಎರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ. ತಿಂಗಳಿಗೆ ನಾಲ್ಕು ವಿಡಿಯೊ ಸಾಕು.

ಗೋಣಿಕೊಪ್ಪಲಿನ ಹಳೆಯ ಆಟಗಾರ

ಮೇಡಂ ಹೇಳಿದ್ದು ಅಕ್ಷರಶಃ ಸತ್ಯ. ನಾನು ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ ಈ ಆಟವನ್ನು ಬಹಳ ಶ್ರದ್ಧೆಯಿಂದ ಆಡಿದವನು. ಈಗ ಊರಿಗೆ ಮರಳಿ ತೋಟ ನೋಡಿಕೊಂಡಿದ್ದೇನೆ. ಕೈಯ ವಿಚಾರಕ್ಕೆ ಬರುತ್ತೇನೆ.

ಅಣ್ಣ, ನೀವು ವಿಡಿಯೊದಿಂದ ತೀರ್ಮಾನವನ್ನು ತಂದಿರಿ, ಆ ತೀರ್ಮಾನ ನಿಂತಿದ್ದ ನೆಲವನ್ನು ತರಲಿಲ್ಲ. 63ರ ಪಾಟಿಗೆ 60 ಹಾಕಿ ಬ್ಲಫ್ ಮಾಡಿದಾಗ ನೀವು 63 ಗೆಲ್ಲಲು 60 ಪಣಕ್ಕಿಡುತ್ತೀರಿ. 60ನ್ನು 123ರಿಂದ ಭಾಗಿಸಿದರೆ ಸುಮಾರು ಶೇಕಡಾ 49 ಬರುತ್ತದೆ. ಎಂದರೆ ಭಾವನವರು ಹೆಚ್ಚುಕಡಿಮೆ ಎರಡಕ್ಕೊಂದು ಸಲ ಎಲೆ ಬಿಟ್ಟರೆ ಮಾತ್ರ ಆ ಬ್ಲಫ್ ನಷ್ಟವಾಗದೆ ಉಳಿಯುತ್ತದೆ. ಅರ್ಧ ಪಾಟಿನಷ್ಟು ಹಾಕಿದ್ದರೆ ಮೂರಕ್ಕೊಂದು ಸಲ ಬಿಟ್ಟರೆ ಸಾಕಾಗುತ್ತಿತ್ತು. ಈಗ ನಿಮ್ಮನ್ನೇ ಕೇಳಿಕೊಳ್ಳಿ: ಕಾಫಿ ಬೀಜದ ಆಟದಲ್ಲಿ ನಿಮ್ಮ ಭಾವ ಜೋಡಿ ಹಿಡಿದ ಕೈಯನ್ನು ರಿವರಿನಲ್ಲಿ ಎಂದಾದರೂ ಬಿಟ್ಟದ್ದುಂಟೇ?

ಈಗಿನ ಬಹುಪಾಲು ಪಾಠಗಳು ಸಾಲ್ವರ್ ಎಂಬ ತಂತ್ರಾಂಶದ ಉತ್ತರಗಳನ್ನು ಆಧರಿಸಿರುತ್ತವೆ. ಸಾಲ್ವರ್ ತನ್ನ ಎದುರಾಳಿಯೂ ತನ್ನಷ್ಟೇ ಚೆನ್ನಾಗಿ ಆಡುತ್ತಾನೆಂದು ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ಅಂತಹ ಎದುರಾಳಿ ಬಿಡಬೇಕಾದ ಕೈಗಳನ್ನು ಬಿಡುತ್ತಾನೆ. ಕಾಲ್ ಮಾಡುವುದನ್ನು ಬಿಡದವರ ಎದುರು ಅದೇ ಉತ್ತರವನ್ನು ತಂದಿಟ್ಟರೆ ವಿಡಿಯೊ ಹೇಳಿದ್ದೂ ಸರಿ, ನೀವು ಸೋತದ್ದೂ ಸಹಜ. ಹಾಗಾಗಿ ಯಾವ ವಿಡಿಯೊ ನೋಡುವಾಗಲೂ ಮೊದಲು ಮೇಜಿನ ಮೇಲೆ ಎಷ್ಟು ಮಂದಿ, ಒಬ್ಬೊಬ್ಬರ ಬಳಿ ಎಷ್ಟು ಚಿಪ್ಸ್ (ನಿಮ್ಮ ಬೀಜಗಳಂತಹ ಪಣದ ಬಿಲ್ಲೆಗಳು), ಇದು ಟೂರ್ನಮೆಂಟೋ ಅಲ್ಲವೋ, ಎದುರಾಳಿ ಎಂತಹವನು ಎಂದು ಬರೆದುಕೊಳ್ಳಿ. ನಿಮ್ಮ ಜಗಲಿಯಲ್ಲಿ ದೊಡ್ಡ ಬ್ಲೈಂಡಿನ ನೂರು ಪಟ್ಟು ಬೀಜ ಇರುತ್ತದೆ. ಟೂರ್ನಮೆಂಟಿನ ಕೊನೆಯಲ್ಲಿ ಹದಿನೈದು ಪಟ್ಟು ಉಳಿದವರು ಆಡುವ ಕೈಯನ್ನು ನೋಡಿ ಕಲಿತದ್ದು ನಿಮಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ಇನ್ನೊಂದು ಮಾತು. ಕೇವಲ ರಂಜನೆಗಾಗಿ ಮಾಡಿದ ವಿಡಿಯೊಗಳಲ್ಲಿ ದೊಡ್ಡ ಪಾಟುಗಳನ್ನೇ ಆಯ್ದು ತೋರಿಸುತ್ತಾರೆ. ಎರಡು ಎಲೆ ನೋಡಿ ಸುಮ್ಮನೆ ಕೆಳಗಿಟ್ಟ ಕೈಗಳು ಕತ್ತರಿಸಿ ಹೋಗಿರುತ್ತವೆ. ಅವನ್ನೇ ನೋಡುತ್ತಿದ್ದರೆ ಆಟವೆಂದರೆ ಬ್ಲಫ್ ಎಂಬ ಭಾವನೆ ಬೇರೂರುತ್ತದೆ. ಒಂದು ಸಾಧಾರಣ ಆಟವನ್ನು ಮೊದಲಿನಿಂದ ಕೊನೆಯವರೆಗೆ, ಬಿಟ್ಟ ಕೈಗಳನ್ನೂ ಸೇರಿಸಿ, ಕಾರಣ ಹೇಳುತ್ತಾ ತೋರಿಸುವ ನೀರಸ ವಿಡಿಯೊಗಳೇ ನಿಜವಾದ ಪಾಠ.

ಟರ್ನಿನಲ್ಲಿ ನಿಮಗೆ ಗೆಲ್ಲಿಸುವ ಎಲೆಗಳು ಎಷ್ಟಿದ್ದವೆಂದು ಆ ಹೊತ್ತಿನಲ್ಲಿ ಎಣಿಸಿದ್ದಿರಾ?

ಪೊನ್ನಂಪೇಟೆಯ ಬೆಳೆಗಾರ

ಒಂಬತ್ತು ಎಂದುಕೊಂಡಿದ್ದೆ, ಉಳಿದ ಆಟೀನುಗಳು. ಒಂದು ಬಂದರೂ ಐದೆಲೆ ಒಂದೇ ಜಾತಿಯವಾಗುತ್ತಿದ್ದವು. ಎರಡರಿಂದ ಗುಣಿಸಿದರೆ ಸುಮಾರು ಶೇಕಡಾ 18 ಎಂಬ ಸೂತ್ರ ಗೊತ್ತಿತ್ತು.

ಮಡಿಕೇರಿಯ ನಿವೃತ್ತ ಗಣಿತ ಶಿಕ್ಷಕಿ

ಅಲ್ಲಿ ಒಂದು ತಪ್ಪಿದೆ. ಟರ್ನಿನಲ್ಲಿ ಎರಡು ಬಂದಾಗ ನಿಮ್ಮ ಎಕ್ಕ, ಐದು ಮತ್ತು ಹಲಗೆಯ ಮೇಲಿನ ಎರಡು, ಮೂರು ಸೇರಿ ನಾಲ್ಕು ಬಿದ್ದರೆ ಸಾಲು ಪೂರ್ತಿಯಾಗುತ್ತಿತ್ತು. ಆಟೀನಿನ ನಾಲ್ಕನ್ನು ಈಗಾಗಲೇ ಎಣಿಸಿದ್ದೀರಿ, ಉಳಿದ ಮೂರು ನಾಲ್ಕುಗಳನ್ನು ಸೇರಿಸಿದರೆ 12 ಆಗುತ್ತದೆ. ನಿಮಗೆ ಕಾಣದ ಎಲೆಗಳು 46, ಆದ್ದರಿಂದ ಸಾಧ್ಯತೆ ಶೇಕಡಾ 26. ಎದುರಾಳಿಯ ಬಳಿ ಎಂಟರ ಜೋಡಿಯಷ್ಟೇ ಇದ್ದುದರಿಂದ ಉಳಿದ ಮೂರು ಎಕ್ಕಗಳೂ ನಿಮ್ಮನ್ನು ಗೆಲ್ಲಿಸುತ್ತಿದ್ದವು. ಆಗ 15 ಎಲೆ, ಮೂರಕ್ಕೊಂದರ ಹತ್ತಿರ. ಎಲೆ ಬಿಡದವರ ಎದುರು ಅಷ್ಟು ಸಾಧ್ಯತೆ ಕೈಯಲ್ಲಿದ್ದಾಗ 18 ಹಾಕದೆ ಚೆಕ್ ಮಾಡಿದ್ದರೆ ಮುಂದಿನ ಎಲೆ ಪುಕ್ಕಟೆಯಾಗಿ ಸಿಗುತ್ತಿತ್ತು.

ಫ್ಲಾಪಿನಲ್ಲಿ ನಾಲ್ಕರಿಂದ, ಟರ್ನಿನಲ್ಲಿ ಎರಡರಿಂದ ಗುಣಿಸುವ ಸೂತ್ರ ಒಳ್ಳೆಯದೇ. ಒಂಬತ್ತು ಎಲೆಗೆ ಅದು ಫ್ಲಾಪಿನಲ್ಲಿ 36 ಎನ್ನುತ್ತದೆ, ನಿಜವಾದದ್ದು ಶೇಕಡಾ 35. ಆದರೆ ಎಲೆ ಎಣಿಸುವುದರಲ್ಲೇ ತಪ್ಪಿದರೆ ಸೂತ್ರ ಏನು ಮಾಡೀತು? ವಿಡಿಯೊದಲ್ಲಿ ಎಣಿಕೆ ಪರದೆಯ ಮೂಲೆಯಲ್ಲಿ ತಾನಾಗಿ ಮೂಡುತ್ತದೆ, ಜಗಲಿಯಲ್ಲಿ ಮೂಡುವುದಿಲ್ಲ. ಆ ಮೂಲೆಗೆ ಒಂದು ಕಾಗದದ ಚೂರು ಅಂಟಿಸಿ ನೋಡಿ.

ಸಿದ್ದಾಪುರದ ತೋಟದ ರೈಟರ್

ನಮ್ಮ ತೋಟದ ಕಚೇರಿಯಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ಪ್ರತಿದಿನ ಬೆಳಿಗ್ಗೆ ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತೇವೆ. ಕೊಡಗಿನಲ್ಲಿ ಬೆಳೆಗಾರರ ಮನೆಗಳಲ್ಲಿ ಈ ಅಭ್ಯಾಸ ಇರುವುದು ನಿಮಗೆಲ್ಲ ತಿಳಿದದ್ದೇ. ಕಾಫಿಯ ಹೂಮಳೆ ಕಳೆದ ವರ್ಷ ಯಾವಾಗ ಬಂತು, ಎಷ್ಟು ಬಂತು ಎಂದು ಕೇಳಿದರೆ ಹತ್ತು ಮಂದಿ ಹತ್ತು ಉತ್ತರ ಹೇಳುತ್ತಾರೆ, ಪುಸ್ತಕ ತೆಗೆದರೆ ಒಂದೇ ಉತ್ತರ ಸಿಗುತ್ತದೆ.

ಆಟಕ್ಕೂ ನಾನು ಅದೇ ಅಳತೆಯ ಒಂದು ಪುಸ್ತಕ ಇಟ್ಟಿದ್ದೇನೆ. ಗೆಲುವು ಸೋಲನ್ನು ಅದರಲ್ಲಿ ಬರೆಯುವುದಿಲ್ಲ. ಎಕ್ಕದ ಜೋಡಿ ರಾಜನ ಜೋಡಿಯ ಎದುರು ಕೂಡ ಐದಕ್ಕೊಂದು ಸಲದ ಹತ್ತಿರ ಸೋಲುತ್ತದೆ. ಒಂದು ಸಂಜೆಯ ಫಲಿತಾಂಶದಿಂದ ಕಲಿಯುವುದು ಏನೂ ಇಲ್ಲ. ಅನುಮಾನ ಬಂದ ಕೈಯನ್ನು ಮಾತ್ರ, ಆ ಕ್ಷಣದಲ್ಲಿ ನಾನು ಏನು ಯೋಚಿಸಿದೆ ಎಂಬುದನ್ನು ಸೇರಿಸಿ, ಎರಡು ಸಾಲಿನಲ್ಲಿ ಬರೆಯುತ್ತೇನೆ. ಎದುರಾಳಿ ಕೊನೆಗೆ ತೋರಿಸಿದ ಎಲೆಯನ್ನೂ ತಪ್ಪದೆ ಬರೆಯುತ್ತೇನೆ. ಮುಂದೆ ಯಾವ ವಿಡಿಯೊ ನೋಡಬೇಕೆಂದು ಆ ಪುಸ್ತಕವೇ ಹೇಳುತ್ತದೆ. ದೊಡ್ಡ ಬ್ಲೈಂಡಿನಲ್ಲಿ ಕೂತು ಕಾಲ್ ಮಾಡಿದ ಕೈಗಳೇ ಪುಟಗಟ್ಟಲೆ ತುಂಬಿದ್ದು ಕಂಡ ಮೇಲೆ ನಾನು ಮೂರು ತಿಂಗಳು ಅದೊಂದೇ ವಿಷಯದ ಪಾಠಗಳನ್ನು ನೋಡಿದೆ, ಬೇರೆ ಯಾವುದನ್ನೂ ಮುಟ್ಟಲಿಲ್ಲ.

ವಿರಾಜಪೇಟೆಯ ಓದುಗಿ

ನನ್ನ ಮಾತು ಯಾರಿಗೂ ನೋವುಂಟುಮಾಡದಿರಲಿ. ನನ್ನ ಸ್ವಂತ ತಮ್ಮ ಇಂತಹ ಪಾಠದ ವಿಡಿಯೊ ನೋಡುತ್ತಲೇ, ಅದರ ಕೆಳಗೆ ಕೊಟ್ಟ ಕೊಂಡಿಯಿಂದ ಒಂದು ಆ್ಯಪಿಗೆ ಹೋಗಿ, ಒಂದೂವರೆ ವರ್ಷದಲ್ಲಿ ಕರಿಮೆಣಸು ಮಾರಿದ ಹಣವನ್ನೆಲ್ಲ ಕಳೆದ. ತನಗೆ ಆಟ ಬರುತ್ತದೆಂದು ಅವನು ಕೊನೆಯವರೆಗೂ ನಂಬಿದ್ದ. ಆ ನಂಬಿಕೆಯನ್ನು ಕೊಟ್ಟದ್ದು ವಿಡಿಯೊಗಳೇ ಎಂಬುದನ್ನು, ಮೇಡಂ ಬರೆದದ್ದನ್ನು ಓದಿದ ಮೇಲೆ, ಇಂದು ಸ್ಪಷ್ಟವಾಗಿ ತಿಳಿದುಕೊಂಡೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕದಲ್ಲಿ 2021ರ ಅಕ್ಟೋಬರಿನಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಮಾಡಿತು. ಆಮೇಲೆ ಕೇಂದ್ರದ ಕಾನೂನು ಬಂತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಯವರ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ ಅದು ನಿಷೇಧಿಸಿದೆ. ಇಲ್ಲಿ ಓದುತ್ತಿರುವ ಕಿರಿಯರಿಗೆ ಇದು ತಿಳಿದಿರಬೇಕೆಂದು ಬರೆಯುತ್ತಿದ್ದೇನೆ.

ಪೊನ್ನಂಪೇಟೆಯ ಬೆಳೆಗಾರ

ಅಕ್ಕ, ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮ ಜಗಲಿಗೆ ಹಣ ಬರುವುದಿಲ್ಲ, ಬರಲು ಬಿಡುವುದೂ ಇಲ್ಲ. ಇಂತಹ ಕೊಂಡಿಗಳಿರುವ ವಿಡಿಯೊಗಳನ್ನು ನನ್ನ ಪಟ್ಟಿಯಿಂದ ಇಂದೇ ತೆಗೆದುಹಾಕಿದ್ದೇನೆ.

ಆದರೆ ಗೋಣಿಕೊಪ್ಪಲಿನವರ ಮಾತಿನಿಂದ ಹೊಸ ಚಿಂತೆ ಹುಟ್ಟಿದೆ. ಕಳೆದುಕೊಳ್ಳಲು ಏನೂ ಇಲ್ಲದಿರುವುದರಿಂದಲೇ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರೆ. ಹಣವಿಲ್ಲದೆ ಆಟಕ್ಕೆ ಗಾಂಭೀರ್ಯ ತರುವುದು ಹೇಗೆ?

ಗೋಣಿಕೊಪ್ಪಲಿನ ಹಳೆಯ ಆಟಗಾರ

ಬೀಜವನ್ನು ಸಂಜೆಗೊಮ್ಮೆ ಹಂಚಬೇಡಿ, ತಿಂಗಳಿಗೊಮ್ಮೆ ಹಂಚಿ. ಯಾರ ಬೀಜ ಮುಗಿಯಿತೋ ಅವರು ತಿಂಗಳು ಮುಗಿಯುವವರೆಗೆ ಎಲೆ ಹಂಚುವ ಕೆಲಸಕ್ಕೆ ಕೂರಬೇಕು. ನಾವು ಇಲ್ಲಿ ಹೀಗೆ ಮಾಡಿದ ಮೊದಲ ವಾರದಲ್ಲೇ ಎರಡನೆಯ ಜೋಡಿ (ಹಲಗೆಯ ಎರಡನೆಯ ದೊಡ್ಡ ಎಲೆಯ ಜೋಡಿ) ಹಿಡಿದವರು ರಿವರಿನಲ್ಲಿ ಯೋಚಿಸತೊಡಗಿದರು. ಆಟದಿಂದ ಹೊರಗೆ ಕೂರಬೇಕಾಗುವುದು ಆಡಲು ಬಂದವರಿಗೆ ಸಣ್ಣ ನಷ್ಟವಲ್ಲ.

ಅದೃಷ್ಟವನ್ನು ತಗ್ಗಿಸಿ ತೀರ್ಮಾನವನ್ನಷ್ಟೇ ಅಳೆಯಲು ಇನ್ನೊಂದು ದಾರಿಯಿದೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರ ಎದುರು 20 ದಿನಗಳಲ್ಲಿ 1,20,000 ಕೈಗಳನ್ನು ಆಡಿ ಗೆದ್ದಿತು. ಅಲ್ಲಿ ಎಲೆಯ ಅದೃಷ್ಟ ತಗ್ಗಿಸಲು ಒಬ್ಬ ಆಟಗಾರನಿಗೆ ಬಂದ ಎಲೆಗಳೇ ಇನ್ನೊಂದು ಕಡೆ ಅವನ ಜೊತೆಗಾರನ ಎದುರಾಳಿಗೆ ಬರುವಂತೆ ಹಂಚುತ್ತಿದ್ದರು. ನೀವೂ ಎರಡು ಕಟ್ಟು ಎಲೆಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿ, ಜಗಲಿಯಲ್ಲಿ ಇಬ್ಬರು, ಒಳಕೋಣೆಯಲ್ಲಿ ಇಬ್ಬರು ಆಡಿ. ಜಗಲಿಯಲ್ಲಿ ನಿಮಗೆ ಬಂದ ಎಲೆ ಒಳಗೆ ನಿಮ್ಮ ಜೊತೆಗಾರನ ಎದುರಾಳಿಗೆ ಹೋಗಬೇಕು. ಕೊನೆಗೆ ನೀವು ಮತ್ತು ಜೊತೆಗಾರ ಸೇರಿ ಎಷ್ಟು ಉಳಿಸಿದಿರಿ ಎಂದು ನೋಡಿದರೆ ಎಲೆಯ ಪಾಲು ಬಹುಮಟ್ಟಿಗೆ ಕಳೆದುಹೋಗಿರುತ್ತದೆ.

ಆ ನಾಲ್ವರು ಪ್ರತಿದಿನದ ಆಟ ಮುಗಿದ ಮೇಲೆ ಸೇರಿ ಪ್ರೋಗ್ರಾಮಿನ ದೌರ್ಬಲ್ಯಗಳನ್ನು ಹುಡುಕುತ್ತಿದ್ದರು. ಪ್ರೋಗ್ರಾಮ್ ಕೂಡ ರಾತ್ರಿಯ ಹೊತ್ತಿನಲ್ಲಿ ಹಗಲು ಬಯಲಾದ ತನ್ನ ಕೊರತೆಗಳನ್ನು ತುಂಬಿಕೊಳ್ಳುತ್ತಿತ್ತು. ಆಟ ಮುಗಿದ ಮೇಲಿನ ಅರ್ಧ ಗಂಟೆಯ ಮಾತು ನನಗೆ ಯಾವ ವಿಡಿಯೊಗಿಂತಲೂ ಹೆಚ್ಚು ಕಲಿಸಿದೆ.

ಕುಶಾಲನಗರದ ಎಂಜಿನಿಯರಿಂಗ್ ವಿದ್ಯಾರ್ಥಿ

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು. ಪ್ರತಿ ಘಟ್ಟದಲ್ಲೂ ನಿಲ್ಲಿಸಿ ಬರೆಯುವುದು ಹೊಸಬರಿಗೆ ಹೊರೆಯಾಗುವುದಿಲ್ಲವೇ? ನಾನು ಮೊದಲ ಆರು ತಿಂಗಳು ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ರಾಶಿ ನೋಡಿದೆ. ಪದಗಳ ಪರಿಚಯವಾಯಿತು, ಯಾವ ಜಾಗದಿಂದ ಯಾವ ಕೈ ಆಡಬೇಕೆಂಬ ಪಟ್ಟಿ ಬಾಯಿಪಾಠವಾಯಿತು. ಏನೂ ಗೊತ್ತಿಲ್ಲದವನು ನಿಲ್ಲಿಸಿ ಯೋಚಿಸಿದರೂ ಬರೆಯಲು ಏನಿರುತ್ತದೆ?

ಮಡಿಕೇರಿಯ ನಿವೃತ್ತ ಗಣಿತ ಶಿಕ್ಷಕಿ

ಮಗು, ನಿನ್ನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಮಗ್ಗಿ ಬಾರದ ಮಗುವಿಗೆ ಬೀಜಗಣಿತದ ಸಮಸ್ಯೆ ಕೊಟ್ಟರೆ ಪ್ರಯೋಜನವಿಲ್ಲ. ಆರಂಭದ ಎರಡು ಎಲೆಗಳ ಪಟ್ಟಿ ಮಗ್ಗಿಯಿದ್ದಂತೆ, ಅದನ್ನು ಬಾಯಿಪಾಠ ಮಾಡಬೇಕು. ಮೊದಲ ಹತ್ತು ಹದಿನೈದು ವಿಡಿಯೊಗಳನ್ನು ಸುಮ್ಮನೆ ನೋಡಿ ಪದಗಳಿಗೆ ಹೊಂದಿಕೊಳ್ಳುವುದೂ ಸರಿಯೇ. ಆದರೆ ಇವರು ನೋಡಿರುವುದು 80 ಗಂಟೆ. ಆ ಹಂತ ದಾಟಿ ಬಹಳ ಕಾಲವಾಗಿದೆ. ಫ್ಲಾಪ್ ಬಿದ್ದ ಮೇಲಿನ ಆಟಕ್ಕೆ ಬಾಯಿಪಾಠ ಸಾಲದು, ಅಲ್ಲಿ ಎಣಿಸಲು ಬರಬೇಕು.

ಪೊನ್ನಂಪೇಟೆಯ ಬೆಳೆಗಾರ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ನಡುವೆ ಗಾಳಿಗೆ ಮರ ಬಿದ್ದು ನಮ್ಮ ಕಡೆ ವಿದ್ಯುತ್ತೂ ಟವರೂ ಎರಡು ದಿನ ನಿಂತುಹೋಗಿದ್ದವು. ಅದರಿಂದ ನನಗೆ ಒಂದು ಉಪಕಾರವೇ ಆಯಿತು. ನೋಡುತ್ತಿದ್ದ ವಿಡಿಯೊ ಆಟಗಾರನು ಟರ್ನಿನಲ್ಲಿ ಯೋಚಿಸುತ್ತಿದ್ದಾಗಲೇ ನಿಂತಿತ್ತು. ಉತ್ತರ ನೋಡುವ ದಾರಿಯೇ ಇಲ್ಲದ್ದರಿಂದ ಎರಡು ರಾತ್ರಿ ಲಾಟೀನಿನ ಬೆಳಕಿನಲ್ಲಿ ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಆ ಕೈಯನ್ನು ನಾನೇ ಬಿಡಿಸಿದೆ. ಎದುರಾಳಿಯ ಬಳಿ ಇರಬಹುದಾದ ಜೋಡಿಗಳನ್ನು ಒಂದೊಂದಾಗಿ ಬರೆದೆ. ಎಕ್ಕ ಮತ್ತು ರಾಜ ಸೇರಿ ಬರಲು 16 ಬಗೆಗಳಿದ್ದರೂ ಹಲಗೆಯ ಮೇಲೆ ಒಂದು ರಾಜ ಕಂಡರೆ ಅದು 12ಕ್ಕೆ ಇಳಿಯುತ್ತದೆ, ರಾಜನ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ ಎಂಬುದನ್ನು ಹತ್ತಾರು ಸಲ ಕೇಳಿದ್ದೆ, ಆ ರಾತ್ರಿ ಎಲೆಗಳನ್ನು ಕೈಯಿಂದ ಜೋಡಿಸಿ ನೋಡಿದಾಗಲೇ ಅದು ನನ್ನದಾದದ್ದು. ವಿದ್ಯುತ್ ಬಂದ ಮೇಲೆ ಉತ್ತರ ನೋಡಿದೆ, ನಾನು ತಪ್ಪಿದ್ದೆ. ಆ ತಪ್ಪನ್ನು ಇನ್ನು ಮರೆಯಲಾರೆ.

ಮೇಡಂ ಹೇಳಿದಂತೆ ಒಟ್ಟು 40 ಘಟ್ಟಗಳಲ್ಲಿ ನಿಲ್ಲಿಸಿ ಬರೆದೆ. 23 ಕಡೆ ನನ್ನ ತೀರ್ಮಾನವೂ ವಿಡಿಯೊದ ತೀರ್ಮಾನವೂ ಒಂದೇ ಆಗಿದ್ದವು. ಕಾರಣವೂ ಒಂದೇ ಆಗಿದ್ದುದು 9 ಕಡೆ ಮಾತ್ರ. ಈ ಲೆಕ್ಕವನ್ನು ನೋಡಿ ಸ್ವಲ್ಪ ಹೊತ್ತು ಮಂಕಾಗಿ ಕುಳಿತೆ. ಉಳಿದ ಹದಿನಾಲ್ಕರಲ್ಲಿ ಬಹುತೇಕ ಕಡೆ ನಾನು ನನ್ನ ಎರಡು ಎಲೆಗಳ ಬಗ್ಗೆಯೇ ಬರೆದಿದ್ದೆ, ಅವರು ಎದುರಾಳಿಯ ಎಲೆಗಳ ಬಗ್ಗೆ ಮಾತಾಡಿದ್ದರು. 80 ಗಂಟೆಯಲ್ಲಿ ಕಾಣದ ನನ್ನ ಮುಖ್ಯ ದೋಷ ಅಷ್ಟರಲ್ಲೇ ಕಂಡಿತು.

ಗೋಣಿಕೊಪ್ಪಲಿನವರು ಹೇಳಿದ ಎರಡು ಕಟ್ಟಿನ ಆಟವನ್ನು ಕೈಲ್ ಮುಹೂರ್ತದ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಆಡಿದೆವು. ನನ್ನ ಮಗಳು ಎರಡೂ ಕಟ್ಟುಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಕೊಟ್ಟಳು, 24 ಕೈಗಳಾದವು. ಒಂದು ಕೈಯಲ್ಲಿ ನನಗೆ ರಾಣಿಯ ಜೋಡಿ ಬಂದಿತ್ತು, ಎದುರಿಗೆ ಭಾವ. ಹಲಗೆಯಲ್ಲಿ ಇಸ್ಪೀಟಿನ ರಾಜ, ಡೈಮಂಡ್ ಏಳು, ಕಳಾವರ್ ಎರಡು, ಆಮೇಲೆ ಆಟೀನಿನ ಒಂಬತ್ತು, ಕೊನೆಗೆ ಇಸ್ಪೀಟಿನ ನಾಲ್ಕು. ಭಾವ ಮೂರು ಸಲವೂ ಬೆಟ್ ಮಾಡಿದರು. ರಿವರಿಗೆ ಬಂದಾಗ ಪಾಟ್ 50, ಅವರ ಬೆಟ್ 15. ನಾನು ಕಾಲ್ ಮಾಡಿ ಒಟ್ಟು 40 ಕಳೆದುಕೊಂಡೆ. ಅವರ ಬಳಿ ರಾಜ ಮತ್ತು ಹತ್ತು ಇತ್ತು. ಒಳಕೋಣೆಯಲ್ಲೂ ರಿವರಿನವರೆಗೆ ಆಟ ಹೀಗೆಯೇ ನಡೆದಿತ್ತು, ಆದರೆ ಅದೇ ರಾಣಿಗಳನ್ನು ಹಿಡಿದವರು ಅಲ್ಲಿ ಎಲೆ ಬಿಟ್ಟು 25ಕ್ಕೇ ನಿಲ್ಲಿಸಿದ್ದರು. ನಮ್ಮ ಜೋಡಿಗೆ 15 ನಷ್ಟ. ಅವರು ಸರಿ, ನಾನು ತಪ್ಪು ಎಂದು ಬರೆದುಕೊಳ್ಳಬಹುದೇ?

ಮಡಿಕೇರಿಯ ನಿವೃತ್ತ ಗಣಿತ ಶಿಕ್ಷಕಿ

ಹಾಗೆ ಬರೆದುಕೊಳ್ಳಬೇಡಿ. ಎರಡು ಕೋಣೆಯ ಆಟ ಇಬ್ಬರ ತೀರ್ಮಾನಗಳಲ್ಲಿ ವ್ಯತ್ಯಾಸ ಎಲ್ಲಿದೆ ಎಂದು ತೋರಿಸುತ್ತದೆ. ಯಾವುದು ಸರಿ ಎಂಬುದನ್ನು ಒಂದು ಕೈಯಿಂದ ತೋರಿಸಲಾರದು. ನೀವು 15 ಹಾಕಿ 80ರ ಪಾಟಿಗೆ ಸ್ಪರ್ಧಿಸುತ್ತಿದ್ದಿರಿ, ನೂರಕ್ಕೆ 19 ಸಲ ಗೆದ್ದರೆ ಸಾಕಿತ್ತು. ಮೂರು ಸಲ ಬೆಟ್ ಮಾಡುವಷ್ಟು ಗಟ್ಟಿಯಾದ ರಾಜಗಳನ್ನಷ್ಟೇ ಎಣಿಸೋಣ. ಉಳಿದ ರಾಜಗಳು ಮೂರು. ಎಕ್ಕದ ಜೊತೆ 12, ರಾಣಿಯ ಜೊತೆ ನಿಮ್ಮ ಕೈಯಲ್ಲಿ ಎರಡು ರಾಣಿಗಳಿರುವುದರಿಂದ 6, ಗುಲಾಮನ ಜೊತೆ 12, ಹತ್ತರ ಜೊತೆ 12, ಒಟ್ಟು 42. ಇವುಗಳ ಜೊತೆಗೆ ಸುಮಾರು ಹತ್ತು ಬಗೆಯ ಬ್ಲಫ್ ಇದ್ದರೆ ನಿಮ್ಮ ಕಾಲ್ ಸಮಕ್ಕೆ ಬರುತ್ತದೆ.

ಗೋಣಿಕೊಪ್ಪಲಿನ ಹಳೆಯ ಆಟಗಾರ

ಹತ್ತು ಸಿಗುತ್ತದೆ, ಆದರೆ ಪ್ರಯಾಸದಿಂದ. ಟರ್ನಿನಲ್ಲಿ ಒಂಬತ್ತು ಬಂದಾಗ ಸಾಲಿಗೆ ಕಾದಿದ್ದ ಹತ್ತು-ಎಂಟು, ಎಂಟು-ಆರು, ಗುಲಾಮ-ಹತ್ತು, ಒಂದೇ ಜಾತಿಯವಾದರೆ ತಲಾ ನಾಲ್ಕರಂತೆ ಹನ್ನೆರಡು. ಫ್ಲಾಪಿನಲ್ಲಿ ಏನೂ ಇಲ್ಲದಿದ್ದಾಗಲೂ ಅವನ್ನು ಬೆಟ್ ಮಾಡಿ, ರಿವರಿನಲ್ಲಿ ತಪ್ಪಿದ ಮೇಲೂ ಬಿಡದೆ ಮತ್ತೆ ಬೆಟ್ ಮಾಡುವವರ ಎದುರು ಕಾಲ್ ಸರಿ. ನಿಮ್ಮ ಭಾವ ಅಂತಹವರೇ ಎಂಬುದನ್ನು ಪುಸ್ತಕದಲ್ಲಿ ನೋಡಿ ಹೇಳಿ.

ಪೊನ್ನಂಪೇಟೆಯ ಬೆಳೆಗಾರ

ನೋಡಿದೆ. ಸಿದ್ದಾಪುರದವರ ಮಾತು ಕೇಳಿ ಎದುರಾಳಿ ತೋರಿಸಿದ ಎಲೆಗಳನ್ನು ಬರೆದಿಟ್ಟದ್ದು ಈಗ ಕೆಲಸಕ್ಕೆ ಬಂತು. ಮೂರು ವಾರದಲ್ಲಿ ಭಾವ ರಿವರಿನಲ್ಲಿ ಬೆಟ್ ಮಾಡಿ ಎಲೆ ತೋರಿಸಿದ್ದು 11 ಸಲ. ಹನ್ನೊಂದೂ ಸಲ ಕೈಯಲ್ಲಿ ಜೋಡಿ ಅಥವಾ ಅದಕ್ಕಿಂತ ಹೆಚ್ಚಿನದೇ ಇತ್ತು. ರಾಣಿಗಳನ್ನು ಬಿಡಬೇಕಿತ್ತು. ಅವರು ಕಾಲ್ ಮಾಡುವುದನ್ನು ಬಿಡುವುದಿಲ್ಲ, ಕೈಯಲ್ಲಿ ಏನೂ ಇಲ್ಲದೆ ಬೆಟ್ ಮಾಡುವುದೂ ಇಲ್ಲ. ಎರಡನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದಿದ್ದೇನೆ. ಭಾನುವಾರ ಮತ್ತೆ ಎರಡು ಕಟ್ಟಿನ ಆಟವಿದೆ, ಈ ಸಲ ಭಾವ ನನ್ನ ಜೊತೆಗಾರ.